ಹೆಸರಿಲ್ಲದಿದ್ದರೂ ಗುರುತು

ಪೆರಂಬೂರು, ಅಯನಾವರಂ, ವಿಲ್ಲಿವಾಕ್ಕಂ, ಕೊಳತ್ತೂರುಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಮನೆಗಳವರು ಆಸ್ಪತ್ರೆಗಳಲ್ಲಿ ಪಟ್ಟ ಪಾಡನ್ನು ಅವರವರ ಬಾಯಿಂದಲೇ ಕೇಳಿ ಬರೆದುಕೊಂಡು, ಒಂದು ಮನವಿಯ ಜೊತೆ ಸೇರಿಸಿ ಅಧಿಕಾರಿಗಳಿಗೆ ಒಪ್ಪಿಸಬೇಕೆಂಬ ಸಲಹೆ ಈಚೆಗೆ ನಮ್ಮ ಬಳಗದಲ್ಲಿ ಕೇಳಿಬರುತ್ತಿದೆ. ತಮಿಳು ಓದಲು ಬಾರದ ವೃದ್ಧೆಗೆ ಔಷಧದ ಚೀಟಿ ಅರ್ಥವಾಗದೆ ಹೋದದ್ದು, ಡಯಾಲಿಸಿಸ್‌ಗಾಗಿ ವಾರಕ್ಕೆ ಎರಡು ಮೂರು ಸಲ ಅಲೆಯುವ ಸಂಸಾರದ ಬವಣೆ, ಮಾನಸಿಕ ಕಾಯಿಲೆಯ ಮಗನನ್ನು ಮನೆಯೊಳಗೇ ಇಟ್ಟುಕೊಂಡು ಬಂದ ತಂದೆತಾಯಿಗಳ ಸಂಕಟ, ಇಂಥವು ಬೆಳಕಿಗೆ ಬಂದರೆ ನಾಲ್ಕು ಜನಕ್ಕೆ ಉಪಕಾರವಾದೀತು ಎಂಬುದು ಸಲಹೆ ಕೊಟ್ಟವರ ಆಶಯ. ಆಶಯ ಒಳ್ಳೆಯದೇ. ಅಂಕಿಅಂಶಗಳ ಹತ್ತು ಪುಟಕ್ಕೆ ಕರಗದ ಮನಸ್ಸು ಒಬ್ಬ ತಾಯಿಯ ನಾಲ್ಕು ಮಾತಿಗೆ ಕರಗುವುದುಂಟು. ಆದರೆ ಗುಟ್ಟಿನ ಪ್ರಶ್ನೆ ಬಂದಾಗ ಎಲ್ಲರೂ ಕೊಡುವ ಉತ್ತರ ಒಂದೇ: “ಹೆಸರು ಹಾಕದಿದ್ದರಾಯಿತು.”

ಅಷ್ಟರಿಂದ ಆಗುವುದಿಲ್ಲ ಎನ್ನುವುದಕ್ಕೆ ದೂರದ ಉದಾಹರಣೆ ಬೇಕಿಲ್ಲ. ನಮ್ಮದು ಹೊರನಾಡಿನಲ್ಲಿ ಬದುಕು ಕಟ್ಟಿಕೊಂಡ ಜನ. ರೈಲ್ವೆ ಕೆಲಸಕ್ಕೆಂದೋ, 1955ರಲ್ಲಿ ಆರಂಭವಾದ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯ ಕೆಲಸಕ್ಕೆಂದೋ, ಹೋಟೆಲಿಗೆಂದೋ ಬಂದ ಮನೆತನಗಳು. ಯುಗಾದಿಗೂ ರಾಜ್ಯೋತ್ಸವಕ್ಕೂ ಒಂದೇ ಸಭಾಂಗಣದಲ್ಲಿ ಸೇರುವವರು. ಯಾರ ಮಗಳು ಎಲ್ಲಿ ಓದುತ್ತಾಳೆ, ಯಾರ ಅಳಿಯ ಎಲ್ಲಿದ್ದಾನೆ ಎಂಬುದೆಲ್ಲ ಎಲ್ಲರಿಗೂ ಗೊತ್ತು. ಇಂಥಲ್ಲಿ “ಕುಂದಾಪುರದ ಕಡೆಯಿಂದ ಬಂದ, ಕೋಚ್ ಫ್ಯಾಕ್ಟರಿಯಲ್ಲಿದ್ದು ನಿವೃತ್ತರಾದವರ ಪತ್ನಿ, ಇಬ್ಬರು ಹೆಣ್ಣುಮಕ್ಕಳ ತಾಯಿ” ಎಂದು ಅಚ್ಚು ಹಾಕಿ, ಹೆಸರಿನ ಜಾಗದಲ್ಲಿ ಚುಕ್ಕೆಯಿಟ್ಟರೆ ಮುಚ್ಚಿದ್ದೇನು ಬಂತು? ಕೋಟಿ ಜನರ ಚೆನ್ನೈಗೆ ಆಕೆ ಯಾರೋ ಒಬ್ಬಳು. ನಮ್ಮ ಇನ್ನೂರು ಮುನ್ನೂರು ಮನೆಗಳಿಗೆ ಆಕೆ ಯಾರೆಂಬುದು ಎರಡನೆಯ ಸಾಲಿಗೇ ತಿಳಿಯುತ್ತದೆ. ಆಕೆಯ ಕಾಯಿಲೆ ಕ್ಷಯವೋ, ಅಪಸ್ಮಾರವೋ, ಗರ್ಭಕೋಶದ್ದೋ ಆಗಿದ್ದರೆ ಮುಂದಿನ ವರ್ಷ ಆ ಹೆಣ್ಣುಮಕ್ಕಳ ಜಾತಕ ಹಿಡಿದು ಬರುವವರು ಮೊದಲು ಕೇಳುವುದು ಅದನ್ನೇ. ಅಧಿಕಾರಿಗೆ ತಿಳಿದರೆ ಆಕೆಗೆ ಬಾಧಕವಿಲ್ಲ, ಅದು ಅಕ್ಕಪಕ್ಕದವರಿಗೆ ತಿಳಿಯುವುದೇ ಆಕೆಗೆ ಇರುವ ಭಯ. ನಮ್ಮ ಪತ್ರಿಕೆಯನ್ನು ಓದುವವರು ಆ ಅಕ್ಕಪಕ್ಕದವರೇ!

ನೊಂದವರ ಕಥೆಯನ್ನು ಲೋಕಕ್ಕೆ ಹೇಳಿ ನ್ಯಾಯ ಕೇಳುವ ಪದ್ಧತಿ ನಮ್ಮ ಪೆರಂಬೂರಿಗೆ ಹೊಸದಲ್ಲ. ಈ ನೆಲದಲ್ಲೇ 1918ರ ಏಪ್ರಿಲ್ 27ರಂದು ಮದರಾಸ್ ಲೇಬರ್ ಯೂನಿಯನ್ ಹುಟ್ಟಿತು. ಭಾರತದಲ್ಲಿ ಕ್ರಮಬದ್ಧವಾಗಿ ಕಟ್ಟಿದ ಕಾರ್ಮಿಕ ಸಂಘಗಳಲ್ಲಿ ಅದು ಮೊದಲ ಸಾಲಿನದು. ಬಿನ್ನಿ ಕಂಪೆನಿಯ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳ ಕೆಲಸಗಾರರು ಆಗ ತಮ್ಮ ದೂರುಗಳನ್ನು ಹೊತ್ತು ಬಂದದ್ದು ಸೆಲ್ವಪತಿ ಚೆಟ್ಟಿಯಾರ್, ರಾಮಾನುಜಲು ನಾಯ್ಡು ಎಂಬ ಸ್ಥಳೀಯರ ಬಳಿಗೆ. ಅವರಿಬ್ಬರು ಅದನ್ನು ಬಿ. ಪಿ. ವಾಡಿಯಾ ಅವರಿಗೆ ಮುಟ್ಟಿಸಿದರು. ತಮಿಳಿನ ದೊಡ್ಡ ವಿದ್ವಾಂಸರಾದ ತಿರು. ವಿ. ಕಲ್ಯಾಣಸುಂದರಂ ಜೊತೆಗೂಡಿದರು. ಬೆಂಗಳೂರಿನ ಬಸವನಗುಡಿಯಲ್ಲಿ ಬಿ. ಪಿ. ವಾಡಿಯಾ ರಸ್ತೆಯನ್ನೂ, ಅಲ್ಲಿರುವ ವಿಶ್ವ ಸಂಸ್ಕೃತಿ ಸಂಸ್ಥೆಯನ್ನೂ ಬಲ್ಲ ನಮ್ಮ ಓದುಗರಿಗೆ ಆ ಹೆಸರು ಪರಿಚಿತ. 1945ರಲ್ಲಿ ಆ ಸಂಸ್ಥೆಯನ್ನು ಸ್ಥಾಪಿಸಿದವರೂ ಪೆರಂಬೂರಿನ ಗಿರಣಿಯಾಳುಗಳ ಪರ ನಿಂತವರೂ ಒಬ್ಬರೇ. ಬೆಂಗಳೂರಿನ ಬಿನ್ನಿ ಮಿಲ್ಲಿನ ಹೆಸರು ಕೇಳಿ ಬೆಳೆದವರಿಗೆ ಕಂಪೆನಿಯೂ ಹೊಸದಲ್ಲ.

ಗಿರಣಿಯಾಳುಗಳ ಮುಖ್ಯ ದೂರುಗಳಲ್ಲೊಂದು ಹೊಟ್ಟೆಯದು. ನಡುಹಗಲ ಬಿಡುವು ಎಷ್ಟು ಕಡಿಮೆಯೆಂದರೆ ಕೈ ತೊಳೆದು ಬುತ್ತಿ ಬಿಚ್ಚಿ ನೆಮ್ಮದಿಯಾಗಿ ಉಣ್ಣುವುದಕ್ಕೆ ಹೊತ್ತು ಸಾಲದು. ಗಬಗಬನೆ ನುಂಗಿ ಓಡಬೇಕು. ಅದು ದೇಹಕ್ಕೆ ಸಂಬಂಧಿಸಿದ, ಆರೋಗ್ಯಕ್ಕೆ ಸಂಬಂಧಿಸಿದ ದೂರೇ. ಅದನ್ನು ಸಾರ್ವಜನಿಕವಾಗಿ ಹೇಳಿದವರು ವಾಡಿಯಾ ಮತ್ತು ಅವರ ಸಂಗಡಿಗರು. 1919ರಲ್ಲಿ ವಾಡಿಯಾ ಇಂಗ್ಲೆಂಡಿಗೆ ಹೋಗಿ ಪಾರ್ಲಿಮೆಂಟಿನ ಸಮಿತಿಯ ಮುಂದೆ ಸಾಕ್ಷ್ಯ ಹೇಳಿ ಬಂದರು. ಉಣ್ಣಲು ಹೊತ್ತಿಲ್ಲದೆ ನರಳಿದವನು ಇಂಥ ಇಲಾಖೆಯ ಇಂಥವನು ಎಂದು ಹೇಳುವ ಅಗತ್ಯ ಬೀಳಲಿಲ್ಲ. ದೂರು ಸಾವಿರಾರು ಜನರದಾದ್ದರಿಂದ ಒಬ್ಬನ ಮೇಲೆ ಬೆರಳು ತೋರಿಸಲು ಬರುವಂತಿರಲಿಲ್ಲ. ಕಂಪೆನಿ ಕೋಪಗೊಂಡಾಗ ನ್ಯಾಯಾಲಯಕ್ಕೆ ಎಳೆದದ್ದು ಯಾರನ್ನು? ವಾಡಿಯಾ ಮತ್ತು ಸಂಘದ ಮುಖಂಡರನ್ನು. ಮದರಾಸ್ ಹೈಕೋರ್ಟ್ ಅವರ ಮೇಲೆ ತಡೆಯಾಜ್ಞೆ ಹೊರಡಿಸಿತು. ಪರಿಹಾರಧನದ ಬೆದರಿಕೆಯೂ ಅವರ ತಲೆಯ ಮೇಲೇ ತೂಗಿತು. ಆ ಮೊಕದ್ದಮೆ ಎಬ್ಬಿಸಿದ ಕೂಗಿನ ಫಲವಾಗಿಯೇ 1926ರಲ್ಲಿ ಟ್ರೇಡ್ ಯೂನಿಯನ್ ಕಾಯ್ದೆ ಬಂದು ಸಂಘಗಳಿಗೆ ರಕ್ಷಣೆ ದೊರೆಯಿತು. ಗಿರಣಿ 1996ರಲ್ಲಿ ಬಾಗಿಲು ಮುಚ್ಚಿತು. ಕಥೆ ಹೇಳುವವರು ತಮ್ಮ ಹೆಸರನ್ನು ಮುಂದೆ ಮಾಡಿ, ಕಥೆಯೊಳಗಿನವರ ಹೆಸರನ್ನು ಹಿಂದೆ ಇಡುವುದು ಎಂಥದು ಎಂಬುದಕ್ಕೆ ನಮಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಕಾಣದು. ಈಗಿನ ದಿನಗಳಲ್ಲಿ ಬಹುಮಟ್ಟಿಗೆ ಇದರ ತಲೆಕೆಳಗು ನಡೆಯುತ್ತಿದೆ: ವರದಿ ತಯಾರಿಸಿದ ಸಂಸ್ಥೆ ಸುರಕ್ಷಿತ, ಮುಖಪುಟದ ಚಿತ್ರದಲ್ಲಿರುವ ಬಡವಿ ಬಯಲಿನಲ್ಲಿ.

ಎಲ್ಲ ದೂರುಗಳನ್ನೂ ಹೀಗೆ ಬಹುವಚನದಲ್ಲಿ ಹೇಳಲಾಗುವುದಿಲ್ಲ ಎಂಬುದು ನಿಜ. ಕೆಲವು ಕಾಯಿಲೆಗಳಲ್ಲಿ ಎಣಿಕೆಯೇ ಆರು. 1986ರಲ್ಲಿ ಇದೇ ಊರಿನಲ್ಲಿ ನಡೆದದ್ದು ಅದು. ಮದರಾಸ್ ಮೆಡಿಕಲ್ ಕಾಲೇಜಿನ ಡಾ. ಸುನೀತಿ ಸಾಲೊಮನ್ ತಮ್ಮ ವಿದ್ಯಾರ್ಥಿನಿ ಡಾ. ನಿರ್ಮಲಾ ಅವರಿಗೆ ಏಡ್ಸ್ ಸೋಂಕು ಭಾರತಕ್ಕೆ ಬಂದಿದೆಯೇ ಎಂದು ಪರೀಕ್ಷಿಸಿ ನೋಡುವ ಕೆಲಸ ಒಪ್ಪಿಸಿದರು. ನಿರ್ಮಲಾ ಪೊಲೀಸರು ಹಿಡಿದು ತಂದಿಟ್ಟಿದ್ದ ಹೆಂಗಸರ ನಿಲಯವೊಂದಕ್ಕೆ ಹೋಗಿ ರಕ್ತದ ಮಾದರಿಗಳನ್ನು ಸಂಗ್ರಹಿಸಿ, ಮನೆಯ ಫ್ರಿಜ್ಜಿನಲ್ಲಿಟ್ಟು ಕಾಪಾಡಿ, ರಾತ್ರಿಯ ರೈಲಿನಲ್ಲಿ ವೆಲ್ಲೂರಿಗೆ ಒಯ್ದರು. ಅಲ್ಲಿಯ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಪರೀಕ್ಷೆ ನಡೆಸಿದಾಗ ಆರು ಮಾದರಿಗಳಲ್ಲಿ ಸೋಂಕು ಕಂಡಿತು. ಆ ವರ್ಷದ ಮೇ ತಿಂಗಳಲ್ಲಿ ಅಂದಿನ ಆರೋಗ್ಯ ಸಚಿವ ಡಾ. ಎಚ್. ವಿ. ಹಂಡೆ ವಿಧಾನಸಭೆಗೆ ಈ ಸುದ್ದಿ ತಿಳಿಸಿದರು. ದೇಶದ ವೈದ್ಯಕೀಯ ಚರಿತ್ರೆಯಲ್ಲಿ ಅದೊಂದು ದೊಡ್ಡ ದಿನ. ಆ ಎಚ್ಚರಿಕೆಯಿಂದ ರಕ್ತನಿಧಿಗಳ ಪರೀಕ್ಷೆ ಮುಂತಾದ ಕ್ರಮಗಳು ಆರಂಭವಾಗಿ ಎಷ್ಟೋ ಜೀವಗಳು ಉಳಿದವು. ಇಬ್ಬರು ವೈದ್ಯೆಯರ ಧೈರ್ಯಕ್ಕೆ ನಾವು ತಲೆಬಾಗುತ್ತೇವೆ.

ಆದರೆ ರಕ್ತ ಕೊಟ್ಟ ಹೆಂಗಸರ ಕಡೆಯಿಂದ ನೋಡಿ. ತಮ್ಮ ರಕ್ತವನ್ನು ಏತಕ್ಕಾಗಿ ತೆಗೆಯುತ್ತಿದ್ದಾರೆಂಬುದು ಅವರಿಗೆ ಗೊತ್ತಿರಲಿಲ್ಲ. ಗುಹ್ಯರೋಗದ ಪರೀಕ್ಷೆ ಇರಬೇಕೆಂದು ಅವರು ತಿಳಿದಿದ್ದರೆಂದು ಡಾ. ನಿರ್ಮಲಾ ಅವರೇ ಮೂವತ್ತು ವರ್ಷಗಳ ನಂತರ ನೆನಪಿಸಿಕೊಂಡಿದ್ದಾರೆ. ಆ ಕಾಲದ ರೂಢಿ ಹಾಗಿತ್ತು. ಅವರ ಹೆಸರುಗಳು ನಾವು ಓದಿದ ಯಾವ ಬರಹದಲ್ಲೂ ಇಲ್ಲ. ಆದರೆ ಅವರು ಯಾವ ಕಸುಬಿನವರು, ಯಾವ ಬಡಾವಣೆಯ ಯಾವ ನಿಲಯದಲ್ಲಿದ್ದರು ಎಂಬುದು ಎಲ್ಲ ಕಡೆಯೂ ಅಚ್ಚಾಯಿತು. ಸೋಂಕು ಇದೆಯೆಂದು ತಿಳಿದ ಹೆಂಗಸರನ್ನು ಬಿಡುಗಡೆಯ ಕಾಲ ಬಂದರೂ ಅಂಥ ನಿಲಯದಲ್ಲೇ ಕೂಡಿಹಾಕುವುದು ಮುಂದೆ ನಡೆಯಿತು. ಪತ್ರಕರ್ತೆ ಶ್ಯಾಮಲಾ ನಟರಾಜ್ ಹೈಕೋರ್ಟಿಗೆ ಹೋಗಿ, 1990ರಲ್ಲಿ ಅವರಿಗೆ ಬಿಡುಗಡೆ ದೊರಕಿಸಬೇಕಾಯಿತು. ಹೆಸರಿಲ್ಲದಿದ್ದರೂ ಗುರುತಿತ್ತು, ಆ ಗುರುತೇ ಬೀಗವಾಯಿತು.

ಇನ್ನು ವಿಲ್ಲಿವಾಕ್ಕಂ. ಪೆರಂಬೂರಿನಿಂದ ಆವಡಿಯ ಕಡೆಗೆ ಹೋಗುವ ಲೋಕಲ್ ಗಾಡಿಯಲ್ಲಿ ಕ್ಯಾರೇಜ್ ವರ್ಕ್ಸ್, ಲೋಕೋ ವರ್ಕ್ಸ್ ಕಳೆದರೆ ಮುಂದಿನ ನಿಲ್ದಾಣ ಅದು. ನಮ್ಮವರೂ ಅನೇಕರು ಅಲ್ಲಿದ್ದಾರೆ. ಹಳೆಯ ದೇವಾಲಯಗಳಿರುವ, ಕಾರ್ಖಾನೆಯ ನೌಕರರೂ ಚಿಕ್ಕಪುಟ್ಟ ವ್ಯಾಪಾರಿಗಳೂ ತುಂಬಿರುವ ಊರು. ಅದಕ್ಕೆ 1980ರ, 90ರ ದಶಕಗಳಲ್ಲಿ ಒಂದು ಅಡ್ಡಹೆಸರು ಬಿತ್ತು: ಕಿಡ್ನಿವಾಕ್ಕಂ. ಅಲ್ಲಿಯ ಬಡ ಗುಡಿಸಲುಗಳ ಜನ, ಅದರಲ್ಲೂ ಹೆಂಗಸರು, ಸಾಲದ ಬಾಧೆ ತಾಳದೆ ತಮ್ಮ ಒಂದು ಮೂತ್ರಪಿಂಡವನ್ನು ಮಾರಿಕೊಂಡ ಸುದ್ದಿಯಿಂದ ಬಂದ ಹೆಸರು. 1994ರಲ್ಲಿ ಅಂಗಾಂಗ ಕಸಿ ಕಾಯ್ದೆ ಬಂದು ಮಾರಾಟ ಅಪರಾಧವಾಯಿತು. ಆದರೂ ದಲ್ಲಾಳಿಗಳು ಬೇರೆ ದಾರಿ ಕಂಡುಕೊಂಡರು. ಈ ವಿಷಯದಲ್ಲಿ ನಮ್ಮ ನಾಡೇನೂ ಬೆನ್ನು ತಟ್ಟಿಕೊಳ್ಳುವಂತಿಲ್ಲ. 1995ರಲ್ಲಿ ಬೆಂಗಳೂರಿನಲ್ಲಿ ಹೊರಬಿದ್ದ ಮೂತ್ರಪಿಂಡ ಹಗರಣ ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತ್ತು.

ವಿಲ್ಲಿವಾಕ್ಕಂನ ಹೆಂಗಸರ ಕಥೆಯನ್ನು ಕೇಳಲು ಬಂದವರಿಗೆ ಲೆಕ್ಕವಿಲ್ಲ. ಪತ್ರಕರ್ತರು, ಸಮಾಜಸೇವಕರು, ವಿದೇಶದ ವಿದ್ವಾಂಸರು, ಕ್ಯಾಮೆರಾ ಹಿಡಿದವರು. ಬಂದವರಲ್ಲಿ ಹೆಚ್ಚಿನವರ ಉದ್ದೇಶ ಒಳ್ಳೆಯದೇ ಇತ್ತು. ಈ ಮಾರಾಟ ನಿಲ್ಲಬೇಕು, ಮೋಸ ಬಯಲಾಗಬೇಕು ಎಂಬುದೇ. ಅವರ ಶ್ರಮದಿಂದ ನಮಗೆ ತಿಳಿದದ್ದೂ ಬಹಳ. ಮಾನವಶಾಸ್ತ್ರಜ್ಞ ಲಾರೆನ್ಸ್ ಕೋಹೆನ್ 1999ರಲ್ಲಿ ಬರೆದ ಲೇಖನದಲ್ಲಿ, ಆ ಹೆಂಗಸರಲ್ಲಿ ಹೆಚ್ಚಿನವರಿಗೆ ಅದಕ್ಕೆ ಮೊದಲೇ ಸಂತಾನ ನಿಯಂತ್ರಣದ ಶಸ್ತ್ರಚಿಕಿತ್ಸೆ ಆಗಿತ್ತೆಂಬುದನ್ನು ಗಮನಿಸಿದ್ದಾರೆ. ಒಮ್ಮೆ ಕತ್ತರಿಗೆ ಮೈಯೊಡ್ಡಿದವಳನ್ನು ಇನ್ನೊಮ್ಮೆ ಒಪ್ಪಿಸುವುದು ದಲ್ಲಾಳಿಗೆ ಸುಲಭವಿತ್ತು. ಹಣ ತೀರಿದ ಮೇಲೆ ಗಂಡ ಹೊಡೆಯುವುದು ಆ ಹೊಲಿಗೆಯ ಜಾಗಕ್ಕೇ ಎಂದು ಒಬ್ಬಾಕೆ ಹೇಳಿದ್ದೂ ಅಲ್ಲಿ ದಾಖಲಾಗಿದೆ. ಓದಿದವರಿಗೆ ಮರೆಯಲಾಗದ ಮಾತು ಅದು.

ಇದಕ್ಕೆ ಇನ್ನೊಂದು ಪಕ್ಕದಲ್ಲಿ ಮಾಧವ್ ಗೋಯಲ್ ಮತ್ತು ಸಂಗಡಿಗರು 2002ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಹಿಂದಿನ ವರ್ಷ ಅವರು ಚೆನ್ನೈಯಲ್ಲಿ ಮೂತ್ರಪಿಂಡ ಮಾರಿದ್ದ 305 ಜನರನ್ನು ಕಂಡು ಮಾತಾಡಿಸಿದರು. ನೂರಕ್ಕೆ 96 ಮಂದಿ ಸಾಲ ತೀರಿಸಲೆಂದು ಮಾರಿದವರು. ಅವರ ಕೈಗೆ ಬಂದದ್ದು ಸರಾಸರಿ 1,070 ಡಾಲರಿನಷ್ಟು. ದಲ್ಲಾಳಿ ಹೇಳಿದ್ದಕ್ಕಿಂತ ಕಡಿಮೆ. ಶಸ್ತ್ರಚಿಕಿತ್ಸೆಯ ನಂತರ ಸಂಸಾರದ ವರಮಾನ ಮೂರನೆಯ ಒಂದರಷ್ಟು ಇಳಿಯಿತು. ನಾಲ್ವರಲ್ಲಿ ಮೂವರು ಇನ್ನೂ ಸಾಲದಲ್ಲೇ ಇದ್ದರು. ನೂರಕ್ಕೆ 86 ಮಂದಿ ಆರೋಗ್ಯ ಕೆಟ್ಟಿತೆಂದರು, 79 ಮಂದಿ ಬೇರೆಯವರಿಗೆ ಇದನ್ನು ಮಾಡಿರೆಂದು ಹೇಳುವುದಿಲ್ಲ ಎಂದರು. ಮಾರಾಟಕ್ಕೆ ಕಾನೂನಿನ ಒಪ್ಪಿಗೆ ಕೊಟ್ಟರೆ ಬಡವರಿಗೆ ಅನುಕೂಲ ಎಂದು ವಾದಿಸುತ್ತಿದ್ದವರಿಗೆ ಈ ಅಂಕಿಗಳು ಕೊಟ್ಟ ಉತ್ತರವನ್ನು ಯಾವ ಛಾಯಾಚಿತ್ರವೂ ಕೊಟ್ಟಿರಲಿಲ್ಲ. ಮುನ್ನೂರೈದು ಜನರಲ್ಲಿ ಯಾರ ಮುಖವೂ ನಮಗೆ ಕಾಣುವುದಿಲ್ಲ. ಆದರೂ ಅವರ ಮಾತು ಜಗತ್ತಿಗೆ ಮುಟ್ಟಿತು.

ಛಾಯಾಚಿತ್ರಗಳ ಸಂಗತಿ ಬೇರೆ. ಸೆರಗು ಸರಿಸಿ, ಪಕ್ಕೆಯ ಉದ್ದದ ಗಾಯದ ಗುರುತನ್ನು ತೋರಿಸುತ್ತ ಸಾಲಾಗಿ ನಿಂತ ಹೆಂಗಸರ ಚಿತ್ರಗಳನ್ನು ಚೆನ್ನೈಯ ಸುದ್ದಿಯೆಂದು ಎಷ್ಟೋ ಕಡೆ ಕಂಡಿದ್ದೇವೆ. ಆ ಗುರುತು ಸಾಕ್ಷಿಯೆಂಬುದು ಸರಿ. ಅದರ ಜೊತೆಗೆ ಅದು ಆ ಹೆಂಗಸಿನ ಅಪರಾಧದ ಸಾಕ್ಷಿಯೂ ಆಗಿತ್ತು ಎಂಬುದನ್ನು ಚಿತ್ರ ತೆಗೆದವರು ಎಷ್ಟರಮಟ್ಟಿಗೆ ಯೋಚಿಸಿದರೋ! ಕಾಯ್ದೆಯ ಪ್ರಕಾರ ಕೊಂಡವನಂತೆ ಮಾರಿದವಳೂ ತಪ್ಪಿತಸ್ಥಳು. ಕೆಲವರು ಅತ್ತೆಮಾವಂದಿರಿಗೂ ಬಂಧುಗಳಿಗೂ ತಿಳಿಸದೆ ಈ ಕೆಲಸ ಮಾಡಿದವರಿರಬಹುದು. ಹೆಸರನ್ನು ಬದಲಿಸಿ ಮುಖವನ್ನು ಹಾಗೇ ಬಿಟ್ಟರೆ, ಅಥವಾ ಮುಖವನ್ನು ಮಸುಕು ಮಾಡಿ ಸೀರೆ, ಗುಡಿಸಲ ಬಾಗಿಲು, ಪಕ್ಕದ ಮಗುವನ್ನು ಹಾಗೇ ಬಿಟ್ಟರೆ, ಆ ಬೀದಿಯವರಿಗೆ ಗುರುತು ಹಿಡಿಯಲು ಎಷ್ಟು ಹೊತ್ತು ಬೇಕು?

ಕೊನೆಗೆ ಆದದ್ದೇನೆಂದರೆ, ಒಬ್ಬೊಬ್ಬರ ಹೆಸರನ್ನು ಮುಚ್ಚಿದ ಕಡೆಯೂ ಊರಿನ ಹೆಸರನ್ನು ಯಾರೂ ಮುಚ್ಚಲಿಲ್ಲ. ಮಾರಿದವರ ಮೇಲಿನ ಕಳಂಕ ಮಾರದವರ ಮೇಲೂ ಹರಡಿತು. ಇಡೀ ಒಂದು ಬಡಾವಣೆ ತಮಾಷೆಯ ಮಾತಾಯಿತು. ಹಾಗೆ ಹೆಸರಿಟ್ಟವರು ಯಾರೆಂದು ಕೇಳಿದರೆ ಉತ್ತರ ಸಿಕ್ಕುವುದಿಲ್ಲ. ಬರೆಯುವವರ ಲೇಖನಿಗೆ ಅದು ಸಲೀಸಾಗಿತ್ತು, ಅಷ್ಟೆ. 2004ರ ಸುನಾಮಿಯಲ್ಲಿ ಮನೆಮಠ ಕಳೆದುಕೊಂಡ ಬೆಸ್ತರನ್ನು ಎರ್ಣಾವೂರಿನಲ್ಲಿ ತಂದಿರಿಸಿದಾಗ ಅಲ್ಲಿಯೂ ದಲ್ಲಾಳಿಗಳು ಕಾಲಿಟ್ಟರು. 2007ರಲ್ಲಿ ಅದು ಬಯಲಾದಾಗ ಪತ್ರಿಕೆಗಳ ಬಳಿ ಅಡ್ಡಹೆಸರು ಸಿದ್ಧವಾಗಿಯೇ ಇತ್ತು: ಆ ಜಾಗವೂ ಕಿಡ್ನಿವಾಕ್ಕಂ ಆಯಿತು. ದಲ್ಲಾಳಿಗಳ ಹೆಸರು, ಶಸ್ತ್ರಚಿಕಿತ್ಸೆ ನಡೆದ ಸ್ಥಳಗಳ ಹೆಸರು ಯಾವ ಊರಿಗೂ ಅಂಟಿಕೊಳ್ಳಲಿಲ್ಲ ಎಂಬುದನ್ನು ಓದುಗರು ಗಮನಿಸಬಹುದು.

ಹೆಸರಿಗೆ ಬದಲಾಗಿ ಅಕ್ಷರವಿಡುವ ಪದ್ಧತಿಯ ಸೋಗು ಎಂಥದೆಂಬುದಕ್ಕೆ ಇದೇ ಊರಿನ ಇನ್ನೊಂದು ಪ್ರಸಂಗವನ್ನು ಹೇಳಲೇಬೇಕು. 1995ರಲ್ಲಿ ಮದರಾಸಿನ ಆಸ್ಪತ್ರೆಯೊಂದರಲ್ಲಿ ರೋಗಿಯೊಬ್ಬರಿಗಾಗಿ ರಕ್ತ ಕೊಟ್ಟ ಒಬ್ಬರಿಗೆ ಎಚ್‌.ಐ.ವಿ. ಇರುವುದು ತಿಳಿಯಿತು. ಆ ಸಂಗತಿ ಆಸ್ಪತ್ರೆಯಿಂದ ಹೊರಬಿದ್ದು ಅವರ ನಿಶ್ಚಯವಾಗಿದ್ದ ಮದುವೆ ಮುರಿಯಿತು, ಸ್ವಂತ ಊರು ಬಿಡಬೇಕಾಯಿತು. ನನ್ನ ಗುಟ್ಟನ್ನು ಹೊರಗೆ ಬಿಟ್ಟಿದ್ದಕ್ಕೆ ಪರಿಹಾರ ಕೊಡಿಸಿ ಎಂದು ಅವರು ಸುಪ್ರೀಂ ಕೋರ್ಟಿನವರೆಗೆ ಹೋದರು. ಮೊಕದ್ದಮೆಗೆ ‘ಮಿಸ್ಟರ್ ಎಕ್ಸ್ ವಿರುದ್ಧ ಹಾಸ್ಪಿಟಲ್ ಝೆಡ್’ ಎಂದು ಹೆಸರಾಯಿತು. 1998ರ ಸೆಪ್ಟೆಂಬರ್ 21ರಂದು ತೀರ್ಪು ಬಂತು. ವೈದ್ಯರಿಗೆ ಗುಟ್ಟು ಕಾಯುವ ಕರ್ತವ್ಯವಿದೆ, ಆದರೆ ಮದುವೆಯಾಗಲಿದ್ದ ಹೆಣ್ಣಿನ ಪ್ರಾಣರಕ್ಷಣೆ ಅದಕ್ಕಿಂತ ದೊಡ್ಡದು ಎಂದು ನ್ಯಾಯಾಲಯ ಅವರಿಗೆ ವಿರುದ್ಧವಾಗಿ ಹೇಳಿತು. ಅಂಥವರ ಮದುವೆಯ ಹಕ್ಕಿನ ಬಗ್ಗೆ ಆ ತೀರ್ಪಿನಲ್ಲಿ ಬಂದಿದ್ದ ಕಟುಮಾತುಗಳು ಅನಗತ್ಯವಾಗಿದ್ದವೆಂದು 2002ರಲ್ಲಿ ಮೂವರು ನ್ಯಾಯಾಧೀಶರ ಪೀಠ ಸರಿಪಡಿಸಿತು. ತೀರ್ಪಿನ ಸರಿತಪ್ಪು ಒತ್ತಟ್ಟಿಗಿರಲಿ. ಆ ಹೆಣ್ಣಿನ ಪಕ್ಷವೂ ಗಟ್ಟಿಯಾದದ್ದೇ. ನಾವು ಹೇಳಬಂದದ್ದು ಬೇರೆ. ತಲೆಬರಹದಲ್ಲಿ ಎಕ್ಸ್ ಎಂದು ಮರೆಮಾಡಿದ ಆ ತೀರ್ಪು ಒಳಗೆ ಅವರ ಕಸುಬು, ಊರು, ಮದುವೆಯ ತಾರೀಕು, ಅವರು ಯಾರಿಗಾಗಿ ರಕ್ತ ಕೊಡಲು ಬಂದರೋ ಆ ರೋಗಿಯ ಹೆಸರು ಎಲ್ಲವನ್ನೂ ಬರೆದಿದೆ. ಅವನ್ನು ನಾವು ಇಲ್ಲಿ ಮತ್ತೆ ಬರೆಯುವುದಿಲ್ಲ. ಅವರ ಊರಿನಲ್ಲಿ ಆ ತೀರ್ಪನ್ನು ಓದಿದವರಿಗೆ ಎಕ್ಸ್ ಯಾರೆಂದು ತಿಳಿಯಲು ಜಾಣತನ ಬೇಕಾಗಿರಲಾರದು.

ಇದೇ ಚೆನ್ನೈಯಲ್ಲಿ ಡಾ. ಸುನೀತಿ ಸಾಲೊಮನ್ 1993ರಲ್ಲಿ ಎಚ್‌.ಐ.ವಿ. ಪೀಡಿತರಿಗಾಗಿ ಸಂಸ್ಥೆಯೊಂದನ್ನು ತೆರೆದು, ಮುಂದೆ ಸೋಂಕಿತರಿಗೆ ಸೋಂಕಿತರೊಡನೆ ಸದ್ದಿಲ್ಲದೆ ಸಂಬಂಧ ಕುದುರಿಸುವ ಕೆಲಸವನ್ನೂ ಮಾಡುತ್ತಿದ್ದರು. ಮಾತೃಹೃದಯದ ಅವರು 2015ರಲ್ಲಿ ತೀರಿಕೊಂಡರು.

ಕಾನೂನು ನಿಧಾನವಾಗಿ ಪಾಠ ಕಲಿತಿದೆ. ಮಾನಭಂಗಕ್ಕೊಳಗಾದ ಹೆಣ್ಣಿನ ವಿಷಯದಲ್ಲಿ 1983ರಲ್ಲೇ ದಂಡಸಂಹಿತೆಗೆ ಸೇರಿಸಿದ ಕಲಮು ಹೆಸರನ್ನು ಮಾತ್ರವಲ್ಲ, ಆಕೆಯ ಗುರುತು ಹತ್ತಿಸಬಲ್ಲ ಯಾವ ವಿವರವನ್ನೂ ಅಚ್ಚು ಹಾಕಬಾರದೆಂದಿತ್ತು. ಈಗಿನ ನ್ಯಾಯಸಂಹಿತೆಯಲ್ಲೂ ಅದು ಉಳಿದಿದೆ. ಕಾಯಿಲೆಯವರಿಗೆ ಅಂಥ ರಕ್ಷಣೆ ಬರಲು ಇನ್ನೂ ಮೂವತ್ತು ವರ್ಷ ಮೀರಿ ಹಿಡಿಯಿತು. 2017ರ ಎಚ್‌.ಐ.ವಿ. ಕಾಯ್ದೆ 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದು, ತಿಳಿದು ಕೊಟ್ಟ ಒಪ್ಪಿಗೆಯಿಲ್ಲದೆ ಯಾರೂ ಇನ್ನೊಬ್ಬರ ಸೋಂಕಿನ ಸಂಗತಿ ಹೊರಗೆಡಹಬಾರದೆಂದಿತು. ಹಿಂದಿನ ವರ್ಷವೇ, 2017ರ ಆಗಸ್ಟ್ 24ರಂದು, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದ್ದರು. ಆ ಅರ್ಜಿ ಹಾಕಿದವರು ನಮ್ಮವರೇ ಎಂದು ಹೇಳಿಕೊಳ್ಳಲು ಹೆಮ್ಮೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ, 2012ರಲ್ಲಿ, ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ! ಆಧಾರ್ ಪ್ರಶ್ನಿಸಲೆಂದು ಹಾಕಿದ ಆ ಅರ್ಜಿಯ ಹೆಸರಿನಿಂದಲೇ ಇಂದು ದೇಶದ ವಕೀಲರೆಲ್ಲ ಆ ಹಕ್ಕನ್ನು ಗುರುತಿಸುತ್ತಾರೆ. ಅವರು 2024ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು.

ಕಾನೂನಿನ ಕಲಮುಗಳು ನಮ್ಮ ಮನೆಯಂಗಳದ ಕೆಲಸಕ್ಕೆ ಎಷ್ಟು ಒದಗುತ್ತವೆಯೋ ತಿಳಿಯದು. ಕಥೆ ಕೇಳಲು ಹೋಗುವವರ ನಡವಳಿಕೆಯೇ ಹೆಚ್ಚು ಮುಖ್ಯ. ಮನವಿಗೆ ಬೇಕಾದದ್ದೇನು ಎಂಬುದನ್ನು ಮೊದಲು ಯೋಚಿಸಿದರೆ ಅರ್ಧ ತೊಂದರೆ ಕಳೆಯುತ್ತದೆ. ಔಷಧದ ಚೀಟಿ ಆ ವೃದ್ಧೆಗೆ ಅರ್ಥವಾಗಲಿಲ್ಲ ಎನ್ನುವುದಕ್ಕೆ ಆಕೆಯ ಕಾಯಿಲೆ ಯಾವುದೆಂದು ಹೇಳಬೇಕಾಗಿಲ್ಲ; ಆಕೆಗೆ ಎಷ್ಟು ಮಕ್ಕಳು, ಯಾವ ಜಿಲ್ಲೆಯವಳು ಎಂಬುದಂತೂ ಬೇಡವೇ ಬೇಡ. ಕಥೆಗೆ ಕಳೆ ಬರಲೆಂದು ನಾವು ಸೇರಿಸುವ ವಿವರಗಳೇ ಗುಟ್ಟನ್ನು ರಟ್ಟು ಮಾಡುವುವು. ಊರು ಬದಲಿಸಿ, ಕಸುಬು ಬದಲಿಸಿ ಬರೆಯುವುದುಂಟು. ಬದಲಿಸಿದ್ದೇವೆ ಎಂದು ಓದುಗರಿಗೆ ತಿಳಿಸಿಬಿಟ್ಟರೆ ಅದು ಸುಳ್ಳಾಗುವುದಿಲ್ಲ. ಆದರೆ ಮನವಿಯ ವಾದ ನಿಂತಿರುವುದೇ ಯಾವ ವಿವರದ ಮೇಲೋ ಅದನ್ನು ಮುಟ್ಟಬಾರದು. ಇಲ್ಲದಿದ್ದರೆ ಅಧಿಕಾರಿ ಮೊದಲು ಹಿಡಿಯುವುದು ಆ ತಪ್ಪನ್ನೇ.

ಬರೆದುಕೊಂಡ ಪುಸ್ತಕದಲ್ಲಿ ಹೆಸರಿನ ಬದಲು ಅಂಕಿಯಿರಲಿ, ಅಂಕಿ ಯಾರದೆಂಬ ಪಟ್ಟಿ ಬೇರೆಯವರ ಬೀರುವಿನಲ್ಲಿರಲಿ. ಕೇಳಲು ಹೋಗುವವರು ಆ ಮನೆಯವರ ನೆಂಟರೋ ಬೀಗರಾಗಬಲ್ಲವರೋ ಆಗಿರಬಾರದು. ನಮ್ಮ ಬಳಗದಲ್ಲಿ ಅಂಥವರನ್ನು ಹುಡುಕುವುದೇ ಕಷ್ಟ. ಸೊಸೆಯ ಕಥೆಯನ್ನು ಅತ್ತೆಯ ಎದುರಿಗೆ ಕೇಳಬಾರದು. ಒಪ್ಪಿಗೆಯನ್ನು ಗಂಡನಿಂದ ಪಡೆದು ಕಥೆಯನ್ನು ಹೆಂಡತಿಯಿಂದ ಪಡೆಯುವುದಂತೂ ಎಲ್ಲಿಯ ನ್ಯಾಯವೂ ಅಲ್ಲ. ಬರೆದದ್ದನ್ನು ಹೇಳಿದವರಿಗೆ ಅವರಾಡುವ ಕನ್ನಡದಲ್ಲೇ ಓದಿ ಹೇಳಬೇಕು. ಅಚ್ಚಿಗೆ ಹೋಗುವ ಹಿಂದಿನ ದಿನ ಬೇಡವೆಂದರೂ, ಕಾರಣ ಕೇಳದೆ, ಆ ಪುಟ ತೆಗೆಯಬೇಕು. ಇನ್ನು ಮೊಬೈಲಿನಲ್ಲಿ ಧ್ವನಿ ಹಿಡಿದುಕೊಳ್ಳುವ ರೂಢಿಯಿದೆಯಲ್ಲ, ಅದರ ಬಗ್ಗೆ ನಮಗೆ ಅಂಜಿಕೆ ಹೆಚ್ಚು. ಬರಹದಲ್ಲಿ ಊರು ಮುಚ್ಚಬಹುದು. ಧಾರವಾಡದವರೋ ಪುತ್ತೂರಿನವರೋ ಎಂಬುದನ್ನು ದನಿ ಮೊದಲ ಮಾತಿಗೇ ಹೇಳಿಬಿಡುತ್ತದೆ. ವಾಟ್ಸಾಪಿನಲ್ಲಿ ಒಮ್ಮೆ ಕೈದಾಟಿದರೆ ಮರಳಿ ಹಿಡಿಯುವವರಿಲ್ಲ.

ಇಷ್ಟು ಓದಿದವರು, ಹಾಗಾದರೆ ಯಾರೂ ಮುಖ ತೋರಿಸಲೇಬಾರದೇ ಎಂದು ಕೇಳಬಹುದು. ಹಾಗೆ ಹೇಳಲು ನಮಗೆ ಬಾಯಿ ಬರುವುದಿಲ್ಲ. ಕಾಸರಗೋಡಿನ ಎಣ್ಮಕಜೆ, ಪಡ್ರೆಗಳ ಕಥೆ ಕಣ್ಣ ಮುಂದಿದೆ. ನಮ್ಮ ಓದುಗರಲ್ಲಿ ಆ ಗಡಿನಾಡಿನಿಂದ ಬಂದ ಮನೆಯವರೂ ಇದ್ದಾರೆ. ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಗಡಿಯ ಈಚೆ ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಸುತ್ತಲೂ ಅದೇ ಕಥೆ. ಮಲೆನಾಡಿನ ಆ ಹಳ್ಳಿಗಳಲ್ಲಿ ಅಸಹಜ ಕಾಯಿಲೆಗಳು ಒಂದೇ ಕಡೆ ಗುಂಪಾಗಿ ಕಾಣಿಸುತ್ತಿವೆಯೆಂದು ಅಲ್ಲಿಯ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ಬರೆದರು, ಪತ್ರಕರ್ತ ಶ್ರೀಪಡ್ರೆ ಬರೆದರು. ಬರೆದದ್ದಕ್ಕೆ ಸರ್ಕಾರಗಳು ಕಿವಿಗೊಡಲು ವರ್ಷಗಳೇ ಹಿಡಿದವು. ಅಂಗವೈಕಲ್ಯದ ಮಕ್ಕಳ ಚಿತ್ರಗಳು ಪತ್ರಿಕೆಗಳಲ್ಲಿ ಬಂದಮೇಲೆ ದೇಶಕ್ಕೆ ದೇಶವೇ ತಿರುಗಿ ನೋಡಿತು. 2011ರಲ್ಲಿ ಸುಪ್ರೀಂ ಕೋರ್ಟ್ ಆ ಕೀಟನಾಶಕವನ್ನು ನಿಷೇಧಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ಹಣ ಕೈಸೇರಲಿಲ್ಲವೆಂದು ತಾಯಂದಿರು ಮಕ್ಕಳನ್ನು ಎತ್ತಿಕೊಂಡೇ ತಿರುವನಂತಪುರದಲ್ಲಿ ಧರಣಿ ಕೂತರು. ತಮ್ಮ ಮಕ್ಕಳನ್ನು ಜನ ನೋಡಲಿ ಎಂದು ನಿರ್ಧರಿಸಿದವರು ಅವರೇ. ಅವರಿಗೆ ಮರ್ಯಾದೆಯ ಪಾಠ ಹೇಳಲು ನಾವು ಯಾರು?

ಅಹಮದಾಬಾದಿನ ರಾಷ್ಟ್ರೀಯ ಸಂಸ್ಥೆಯ ತಜ್ಞರು ಪಡ್ರೆಗೆ ಬಂದು ಶಾಲೆಯ ಮಕ್ಕಳನ್ನು ಪರೀಕ್ಷಿಸಿ, 2003ರಲ್ಲಿ 117 ಗಂಡುಹುಡುಗರ ದೇಹದ ಬೆಳವಣಿಗೆ ತಡವಾಗಿರುವುದನ್ನು ಬೇರೆ ಊರಿನ 90 ಹುಡುಗರೊಡನೆ ಹೋಲಿಸಿ ಪ್ರಕಟಿಸಿದರು. ಹುಡುಗರ ಹೆಸರಿಲ್ಲ, ಇರುವುದು ಅಂಕಿಗಳು. ಆದರೆ ಆ ಊರು ಯಾವುದೆಂಬುದು ಎಲ್ಲರಿಗೂ ಗೊತ್ತಿತ್ತು. ಆ ಕಡೆಗೆ ಹೆಣ್ಣು ಕೊಡಲು, ಆ ಕಡೆಯಿಂದ ತರಲು ಜನ ಹಿಂಜರಿಯುತ್ತಾರೆಂಬ ವರದಿಗಳು ಆಮೇಲೆ ಬಂದವು. ಅಧ್ಯಯನವಿಲ್ಲದಿದ್ದರೆ ನಿಷೇಧಕ್ಕೆ ಆಧಾರವಿರುತ್ತಿರಲಿಲ್ಲ. ಅಧ್ಯಯನ ಬಂದಮೇಲೆ ಊರಿನ ಹುಡುಗರಿಗೆ ಹೆಣ್ಣು ಸಿಕ್ಕುವುದು ಕಷ್ಟವಾಯಿತು. ಎರಡೂ ನಿಜ. ಈ ಲೆಕ್ಕ ಸಮನಾಗುವ ರೀತಿ ನಮಗೆ ತೋಚಿಲ್ಲ. ಮುಂದೆ ಹೀಗಾದೀತೆಂದು ಆ ಊರಿನವರನ್ನು ಕೂರಿಸಿಕೊಂಡು ಮೊದಲೇ ಹೇಳಿ, ಅವರ ಮನಸ್ಸೇನೆಂದು ಕೇಳಬಹುದಿತ್ತು ಎಂದಷ್ಟೇ ಅನ್ನಿಸುತ್ತದೆ.

ಆ ಛಾಯಾಚಿತ್ರಗಳ ಮಕ್ಕಳಲ್ಲಿ ಕೆಲವರು ತೀರಿಕೊಂಡರು. ಉಳಿದವರು ಈಗ ಇಪ್ಪತ್ತು ಮೂವತ್ತು ದಾಟಿದವರು. ಅಂದು ಅವರ ಪರವಾಗಿ ಹೂಂ ಎಂದದ್ದು ತಾಯಿ. ಇಂದಿಗೂ ಎಂಡೋಸಲ್ಫಾನ್ ಎಂದು ಎಲ್ಲಿಯೇ ಲೇಖನ ಬರಲಿ, ಅದೇ ಹಳೆಯ ಚಿತ್ರ ಮೇಲೆ ಬರುತ್ತದೆ. ಈಗ ದೊಡ್ಡವರಾದ, ಮಾತಾಡಬಲ್ಲ ಅವರಲ್ಲಿ ಯಾರನ್ನಾದರೂ ಇದು ಇನ್ನೂ ಇರಲೋ ಬೇಡವೋ ಎಂದು ಯಾರು ಹೋಗಿ ಕೇಳುತ್ತಾರೆ? ನಮ್ಮ ಒಪ್ಪಿಗೆಯ ಕಾಗದದಲ್ಲಿ ಆ ಒಂದು ಸಾಲು ಇರಬೇಕೆಂದು ನಾವು ಪಟ್ಟು ಹಿಡಿಯುವುದು ಅದಕ್ಕಾಗಿ: ಈ ಒಪ್ಪಿಗೆ ಇಷ್ಟು ವರ್ಷಕ್ಕೆ, ಆಮೇಲೆ ಮತ್ತೆ ಬಂದು ಕೇಳುತ್ತೇವೆ, ಮಗುವಿನ ಕಥೆಯಾದರೆ, ಮಗು ಹದಿನೆಂಟು ತುಂಬಿದ ದಿನ ಅದರ ಬಾಯಿಂದಲೇ ಕೇಳುತ್ತೇವೆ.